ಕಡಲಿನ ಲೆಕ್ಕ

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಶಾಲೆಗೆ ನಡೆಯುವ ವಿದ್ಯಾರ್ಥಿಗೆ ಕಡಲು ಬಲು ದೂರದ್ದು. ಸಿಗಡಿಯ ದೊಡ್ಡ ಬಂಧುವಾದ ಲಾಬ್‌ಸ್ಟರ್ ಇನ್ನೂ ದೂರದ್ದು. ಆದರೂ ಅದರ ಕಥೆ ತಿಕೋಟಾದ ದ್ರಾಕ್ಷಿ ಬೆಳೆಗಾರನಿಗೆ ಹೊಸದೆನಿಸದು. ಅಂತರ್ಜಲದಂತೆ ಕಡಲೂ ಎಲ್ಲರದು; ಒಬ್ಬನು ಬಿಟ್ಟದ್ದನ್ನು ಇನ್ನೊಬ್ಬನು ಎತ್ತುತ್ತಾನೆ.

ಭಾರತದಲ್ಲಿ 1985ರಲ್ಲಿ 4,000 ಟನ್ನಿಗೂ ಮಿಕ್ಕಿ ದೊರೆತ ಲಾಬ್‌ಸ್ಟರ್ ಅನಂತರ ಇಳಿಮುಖವಾಯಿತು. ಮುಂಬಯಿಯ ಕಡಲಿನಲ್ಲಿ ತಳವನ್ನೇ ಬಳಿಯುವ ಟ್ರಾಲ್ ಬಲೆಗಳಿಗೆ ಮೊಟ್ಟೆ ಹೊತ್ತ ಹೆಣ್ಣುಗಳೂ ಸಿಕ್ಕಿ, ಮರಳು ಲಾಬ್‌ಸ್ಟರ್ 1990ರ ದಶಕದಲ್ಲಿ ಹೇಳಹೆಸರಿಲ್ಲದಂತಾಯಿತು. ನಿಗದಿತ ತೂಕಕ್ಕಿಂತ ಕಡಿಮೆಯಿದ್ದವುಗಳ ರಫ್ತನ್ನು ಸರ್ಕಾರವು 2003ರಲ್ಲಿ ನಿಷೇಧಿಸಿತು. ಒಳ್ಳೆಯದೇ, ಆದರೆ ಬಲೆಯಲ್ಲಿ ಸತ್ತ ಮೇಲೆ ತೂಗಿ ಫಲವೇನು?

ಅಮೆರಿಕದ ಮೇನ್ ರಾಜ್ಯದ ಬೆಸ್ತರು ಮೊಟ್ಟೆ ಹೊತ್ತ ಹೆಣ್ಣಿನ ಬಾಲದಲ್ಲಿ ಕಚ್ಚು ಮಾಡಿ ಕಡಲಿಗೇ ಬಿಡುತ್ತಾರೆ. ಮುಂದೆ ಅದು ಯಾರ ಬೋನಿಗೆ ಬಿದ್ದರೂ ಮಾರುವಂತಿಲ್ಲ. 2016ರಲ್ಲಿ ಅಲ್ಲಿ ಸುಮಾರು 60,000 ಟನ್ ದೊರೆಯಿತು. ಈಚೆಗೆ ಅದೂ ತಗ್ಗಿದೆ. ಬಿಸಿಯಾಗುತ್ತಿರುವ ನೀರು ಕಚ್ಚನ್ನು ಲೆಕ್ಕಿಸದು.

ಪಶ್ಚಿಮ ಆಸ್ಟ್ರೇಲಿಯಾದವರು ಇನ್ನೂ ಬಿಗಿ. ದಡಕ್ಕೆ ಬರುವ ಮರಿಗಳನ್ನು ವರ್ಷವರ್ಷವೂ ಎಣಿಸುವ ಅವರು, ಅವು ವಿರಳವಾದುದನ್ನು ಕಂಡು, ಬರಗಾಲ ಬರುವ ಮೊದಲೇ ಹಿಡಿಯುವುದನ್ನು ಸುಮಾರು ಅರ್ಧಕ್ಕೆ ಇಳಿಸಿದರು. 2010ರಿಂದ ಪಾಲು ಗೊತ್ತುಮಾಡಿದರು. ಬೆಸ್ತರು ಗೊಣಗಿರಲೂಬಹುದು. ಕೆಲವೇ ವರ್ಷಗಳಲ್ಲಿ ಅಲ್ಲಿನ ಕಡಲ ತಳದಲ್ಲಿ ಲಾಬ್‌ಸ್ಟರ್‌ಗಳು ಮೊದಲಿಗಿಂತ ಹೆಚ್ಚಾದವು.