ಬೆಂಕಿ ರೋಗ ತಡೆಯುವ ರಾಗಿ ತಳಿಗಳಿಗಾಗಿ ಮನವಿ ಪತ್ರ

ಇವರಿಗೆ,
ಮಾನ್ಯ ಕೃಷಿ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಇವರಿಂದ,
ಮಳೆಯಾಶ್ರಿತ ರಾಗಿ ಬೆಳೆಯುವ ಸಣ್ಣ ಹಿಡುವಳಿದಾರರು.

ವಿಷಯ: ಬೆಂಕಿ ರೋಗ ನಿರೋಧಕ ಹೊಸ ರಾಗಿ ತಳಿಗಳ ಸಂಶೋಧನೆ ಹಾಗೂ ಬಿತ್ತನೆ ಬೀಜದ ಪೂರೈಕೆ ಕುರಿತು.

ಮಾನ್ಯರೇ,

ತೆನೆ ಹೊರಬರುವ ಹೊತ್ತಿಗೆ ನಾಲ್ಕು ದಿನ ಮೋಡ ಮುಚ್ಚಿ ಸೋನೆ ಹಿಡಿದರೆ ನಮಗೆ ನಿದ್ದೆ ಬರುವುದಿಲ್ಲ. ಬೆಂಕಿ ರೋಗಕ್ಕೆ ತೆನೆಯ ಕೆಳಗೆ ಕುತ್ತಿಗೆ ಕಪ್ಪಾಗುತ್ತದೆ, ತೆನೆ ಜೋತುಬೀಳುತ್ತದೆ. ರಸ್ತೆಯಲ್ಲಿ ಹೋಗುವವರಿಗೆ ಹೊಲ ಬೇಗ ಮಾಗಿದಂತೆ ಕಾಣುತ್ತದೆ. ಇಲುಕನ್ನು ಅಂಗೈಯಲ್ಲಿ ಉಜ್ಜಿ ಊದಿದರೆ ಉಳಿಯುವುದು ನಾಲ್ಕು ಸೊಟ್ಟ ಕಾಳು. ಔಷಧಿ ಇಲ್ಲವೆಂದಲ್ಲ. ಎರಡು ಎಕರೆ ಖುಷ್ಕಿ ರಾಗಿಗೆ ಔಷಧಿಯ ಬೆಲೆ, ನೀರು ಹೊರುವ ಕೂಲಿ ಗಿಟ್ಟುವುದಿಲ್ಲ. ರೋಗ ತಡೆಯುವ ಗುಣ ಬೀಜದೊಳಗೇ ಇರಬೇಕು.

ಅಂಥ ಬೀಜ ಹಂತ ಹಂತವಾಗಿ ಬಂದದ್ದೂ ಉಂಟು. ಮಂಡ್ಯದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಹೆಸರಿನಲ್ಲೇ ಎರಡೂ ಸೀಮೆಗಳಿವೆ. ಮುಂದೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ ಜಿ.ಪಿ.ಯು.-28, ಎಂ.ಎಲ್.-365 ಬಂದವು. ಬೆಂಕಿ ರೋಗವನ್ನು ತಾಳಿಕೊಂಡದ್ದರಿಂದಲೇ ಅವು ನಮ್ಮ ಹೊಲಗಳಲ್ಲಿ ನೆಲೆ ನಿಂತವು. ಆ ಋಣವನ್ನು ಮರೆತು ಈ ಮನವಿ ಬರೆಯುತ್ತಿಲ್ಲ.

ನಮ್ಮ ಆತಂಕವೇ ಬೇರೆ. ಆ ಎರಡೂ ತಳಿಗಳ ವಂಶದಲ್ಲಿ ಇಂಡಾಫ್-5 ಮತ್ತು ಐ.ಇ.-1012 ಎಂಬ ತಳಿಗಳಿವೆ. ಚೀಲ ಬೇರೆಯಾದರೂ ನಾವು ಬಿತ್ತುತ್ತಿರುವುದು ದಾಯಾದಿಗಳನ್ನೇ. ಬೆಂಕಿ ರೋಗ ತರುವ ಶಿಲೀಂಧ್ರ ಸುಮ್ಮನೆ ಕೂರುವ ಜೀವಿಯಲ್ಲ. ಒಂದು ತಳಿಯ ಮರ್ಮ ಹಿಡಿಯಿತೆಂದರೆ ಬದುವಿನಾಚೆಯ ಹೊಲವೂ ಉಳಿಯದು.

ಆದ್ದರಿಂದ ಜೀನ್ ಬ್ಯಾಂಕಿನಲ್ಲಿರುವ ಆಫ್ರಿಕಾದ ರಾಗಿಗಳನ್ನೂ ನಮ್ಮ ನಾಟಿ ರಾಗಿಗಳನ್ನೂ ರೋಗ ಹೆಚ್ಚಿರುವ ಊರುಗಳ ರೈತರ ಹೊಲದಲ್ಲೇ, ಔಷಧಿ ಹೊಡೆಯದೆ ಬೆಳೆದು ನೋಡಬೇಕು. ಎಲೆಯ ಚುಕ್ಕೆ ಎಣಿಸಿದರೆ ಸಾಲದು, ಎಲೆಯಲ್ಲಿ ಗೆದ್ದ ಗಿಡ ಕುತ್ತಿಗೆಯಲ್ಲಿ ಸೋಲುವುದುಂಟು. ಗೆದ್ದವನ್ನು ಮುಂದೆ ಕೂಡಿಸಬೇಕು. ರಾಗಿಯ ಹೂವು ಕಣ್ಣು ಕೀಲಿಸಿ ನೋಡಬೇಕಾದಷ್ಟು ಪುಟ್ಟದು, ಸಂಕರ ಮಾಡುವುದು ನಾಜೂಕಿನ ಕೆಲಸ. ಹೊಸ ತಳಿ ಹೊಲಕ್ಕೆ ಬರಲು 8-10 ವರ್ಷ ಬೇಕು. ವರ್ಷವರ್ಷ ನವೀಕರಿಸುವ ಅನುದಾನದಲ್ಲಿ ಅದು ಆಗುವ ಮಾತಲ್ಲ, 10 ವರ್ಷದ ಯೋಜನೆಯೇ ಬೇಕು. ಎಂ.ಎಲ್.-365ರ ಜೀನೋಮ್ ಅನ್ನು 2017ರಲ್ಲಿ ಪ್ರಕಟಿಸಿದವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರೇ. ಆ ತಿಳಿವು ಆಯ್ಕೆಯ ಕೆಲಸವನ್ನು ಚುರುಕುಗೊಳಿಸಬೇಕು.

ತಳಿ ಆರಿಸುವಾಗ ಹುಲ್ಲನ್ನೂ ತೂಗಬೇಕು. ಹುಲ್ಲು ಕೊಡದ ರಾಗಿಯನ್ನು ಹಸು ಕಟ್ಟಿದ ಮನೆ ಎರಡನೇ ವರ್ಷ ಬಿತ್ತುವುದಿಲ್ಲ.

ಪ್ರಮಾಣಿತ ಬೀಜ ಬಿತ್ತನೆಗೆ 15 ದಿನ ಮೊದಲೇ ಹೋಬಳಿಗೆ ತಲುಪಬೇಕು. ಹದ ಆರಿದ ಮೇಲೆ ಬಂದ ಬೀಜ ಯಾವ ತಳಿಯಾದರೇನು?

ಕುತ್ತಿಗೆ ಕಪ್ಪಾದ ಐದು ತೆನೆಗಳನ್ನು ಲಕೋಟೆಯಲ್ಲಿಟ್ಟು ಲಗತ್ತಿಸಿದ್ದೇವೆ. ಮನವಿ ಕಡತ ಸೇರುವ ಮೊದಲು ತಾವು ಅವನ್ನೊಮ್ಮೆ ಬಿಡಿಸಿ ನೋಡಬೇಕೆಂದು ಕೋರುತ್ತೇವೆ.


ತಮ್ಮ ವಿಶ್ವಾಸಿಗಳು,
(ಸಹಿ ಹಾಗೂ ಹೆಬ್ಬೆಟ್ಟಿನ ಗುರುತುಗಳು)