ಜಾಮೀನಿನ ಸಹಿ

ಸತಿಪತಿಗಳ ಹಣದ ಜಗಳವೆಂದರೆ ಸೀರೆ, ಒಡವೆಗಳ ಜಗಳವೆಂದು ನಗೆಯಾಡುವವರುಂಟು. ನಾವು ಕಂಡಂತೆ ಸಂಸಾರವನ್ನು ನಿಜವಾಗಿ ಅಲುಗಿಸುವುದು, ಯಜಮಾನರು ಮನೆಯಲ್ಲಿ ತಿಳಿಸದೆ ಸ್ನೇಹಿತರ ಸಾಲಕ್ಕೆ ಹಾಕಿ ಬಂದ ಜಾಮೀನಿನ ಸಹಿ. ಅಂದು ಕೈಯಿಂದ ಕಾಸೂ ಹೋಗದಿರುವುದರಿಂದ ಅದನ್ನವರು ದಾಕ್ಷಿಣ್ಯವೆಂದು ಎಣಿಸುವರೇ ಹೊರತು ಖರ್ಚೆಂದಲ್ಲ.

ಆದರೆ 1872ರ ಭಾರತೀಯ ಕರಾರು ಅಧಿನಿಯಮದ 128ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ಬಗೆಯಾಗಿ ಹೇಳಿರದಿದ್ದರೆ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ. "ಮೊದಲು ಅವನನ್ನು ಕೇಳಿ, ಆಮೇಲೆ ನನ್ನನ್ನು" ಎಂಬ ಮಾತು ಸಾಮಾನ್ಯವಾಗಿ ನಡೆಯದು. ನೋಟೀಸು ಬಂದ ದಿನ ಮನೆಯಾಕೆಗೆ ಮೊತ್ತಕ್ಕಿಂತ ಹೆಚ್ಚು ನೋಯಿಸುವುದು, ತನಗೊಂದು ಮಾತು ಹೇಳಲಿಲ್ಲವೆಂಬುದು. ಗುಂಪು ಸಾಲಗಳಲ್ಲಿ ಒಬ್ಬರಿಗೊಬ್ಬರು ಹೊಣೆಯಾಗಿ ಸಹಿ ಮಾಡುವ ತಾಯಂದಿರಿಗೂ ಈ ಮಾತು ಸಲ್ಲುತ್ತದೆ.

ಮಾರಯ್ಯನವರು ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ನಾವೆಲ್ಲ ಭಕ್ತಿಯಿಂದ ಕೇಳುತ್ತೇವೆ. ಮನೆಗೆ ಬಂದುದನ್ನು ಪ್ರಶ್ನಿಸಿದ ಆ ತಾಯಿಯ ಹಕ್ಕನ್ನು, ಮನೆಯಿಂದ ಹೋಗುವುದರ ವಿಷಯದಲ್ಲಿ ನಮ್ಮ ಸೊಸೆಯಂದಿರಿಗೆ ಕೊಟ್ಟಿದ್ದೇವೆಯೆ? "ಮನೆಯಲ್ಲಿ ಕೇಳಿ ಹೇಳುತ್ತೇನೆ" ಎಂದವನನ್ನು ಹೆಂಡತಿಯ ಗುಲಾಮನೆಂದು ಹಾಸ್ಯ ಮಾಡುವರು, ಮಾಡಲಿ. ಆ ಒಂದು ಮಾತು ಎಷ್ಟೋ ಹೊಲಮನೆಗಳನ್ನು ಕಾಯಬಲ್ಲದು.

ಹಳೆಯ ಸಹಿಗಳಿದ್ದರೆ ಯಾರ ಸಾಲ, ಯಾವ ಸಂಘ, ಬಾಕಿಯೆಷ್ಟು ಎಂಬುದನ್ನು ಬರೆದು ಈ ವಾರವೇ ಪತ್ನಿಯ ಕೈಗೆ ಕೊಡಿರಿ. ಸಾಲ ತೀರುವ ಮೊದಲೇ ಸಹಿ ಹಾಕಿದವರು ಕಾಲವಾದರೆ, ಆ ಹೊಣೆಯು ಅವರು ಬಿಟ್ಟುಹೋದ ಆಸ್ತಿಯ ಮೇಲೆ ನಿಲ್ಲುತ್ತದೆ. ಬಾಗಿಲಿಗೆ ಬಂದವರಿಗೆ ಉತ್ತರಿಸಬೇಕಾದವರು ಆಕೆಯೇ.