ಹೆಸರು ಬಿಟ್ಟವರ ವೈನು

ನಿಯಮ ಮುರಿದವರನ್ನೆಲ್ಲ ಸಂಪ್ರದಾಯದ್ರೋಹಿಗಳೆಂದು ಬೈಯುವವರಿಗೆ ನಾನು ಇಟಲಿಯ ಟಸ್ಕನಿ ಪ್ರಾಂತ್ಯದ ಉದಾಹರಣೆ ಕೊಡುತ್ತೇನೆ. ಅಲ್ಲಿಯ ಕಿಯಾಂಟಿ ಎಂಬ ಕೆಂಪು ವೈನಿಗೆ ಬಿಳಿ ದ್ರಾಕ್ಷಿಯನ್ನು ಬೆರೆಸಲೇಬೇಕೆಂದು 1967ರ ಕಾನೂನು ವಿಧಿಸಿತು; ಅದೂ ಶೇಕಡಾ 10ಕ್ಕೆ ಕಡಿಮೆಯಿಲ್ಲದಂತೆ. ಯಾಕೆಂದರೆ, ಅದು ಬೆತ್ತಿನೊ ರಿಕಾಸೊಲಿ ಹಾಕಿಕೊಟ್ಟ ಪದ್ಧತಿಯಂತೆ. ಆದರೆ 1872ರಲ್ಲಿ ರಿಕಾಸೊಲಿ ಬರೆದದ್ದೇ ಬೇರೆ: ಬೇಗ ಕುಡಿದು ಮುಗಿಸುವ ವೈನಿಗೆ ಬಿಳಿ ದ್ರಾಕ್ಷಿ ಇರಲಿ, ವರ್ಷಗಟ್ಟಲೆ ಇಡುವ ವೈನಿಗೆ ಅದು ಬೇಕಿಲ್ಲ ಎಂದು. ಅಪ್ಪ ನೆಟ್ಟ ಆಲದ ಮರಕ್ಕೆ ನೇಣು ಹಾಕಿಕೊಳ್ಳುವವರನ್ನು ನಾವು ಆಡಿಕೊಳ್ಳುತ್ತೇವೆ. ಇಲ್ಲಿ ಆ ಮರವನ್ನು ಅಪ್ಪ ನೆಟ್ಟಿರಲೇ ಇಲ್ಲ!

ಪಿಯೆರೊ ಆಂತಿನೋರಿ 1971ರ ತಮ್ಮ 'ತಿನ್ಯಾನೆಲ್ಲೊ' ವೈನನ್ನು ಕಿಯಾಂಟಿಯ ಹೆಸರು ಬಿಟ್ಟು ಮಾರಿದರು. ಸೆರ್ಜಿಯೊ ಮಾನೆತ್ತಿ 1977ರಲ್ಲಿ ಆ ಸೀಮೆಯದೇ ಆದ ಸಾಂಜೊವೇಸೆ ತಳಿಯೊಂದರಿಂದಲೇ 'ಲೆ ಪೆರ್ಗೊಲೆ ತೋರ್ತೆ' ತಯಾರಿಸಿದರು. ಕಾನೂನು ಅದನ್ನು ಊಟದ ಮೇಜಿನ ಮಾಮೂಲಿ ವೈನೆಂದು ಕೊನೆಯ ದರ್ಜೆಗೆ ತಳ್ಳಿತು. ಊರಿನ ಹಣ್ಣನ್ನೇ ನೆಚ್ಚಿದವರಿಗೆ ಊರಿನ ಹೆಸರಿಲ್ಲ!

ಇವರು ಕದ್ದುಮುಚ್ಚಿ ಏನೂ ಮಾಡಲಿಲ್ಲ. ಒಪ್ಪದ ನಿಯಮವನ್ನು ಬಿಟ್ಟಾಗ ಆ ನಿಯಮ ಕೊಡುವ ಹೆಸರನ್ನೂ ಬಿಟ್ಟರು. ಇಂಥವರನ್ನು ದ್ರೋಹಿಗಳೆನ್ನಲು ನನಗೆ ನಾಲಗೆ ಬಾರದು. ಕೊನೆಗೆ ಬದಲಾದದ್ದು ಕಾನೂನೇ. ಕಿಯಾಂಟಿಯ ಮೂಲ ಸೀಮೆಯಾದ ಕಿಯಾಂಟಿ ಕ್ಲಾಸಿಕೊ 1996ರಲ್ಲಿ ಬರೀ ಸಾಂಜೊವೇಸೆಯ ವೈನನ್ನು ಒಪ್ಪಿತು; 2006ರಿಂದ ಬಿಳಿ ದ್ರಾಕ್ಷಿಯನ್ನೇ ನಿಷೇಧಿಸಿತು. ನಿನ್ನೆ ಕಡ್ಡಾಯವಾಗಿದ್ದುದು ಇಂದು ನಿಷಿದ್ಧ. ನಲವತ್ತು ವರ್ಷವೂ ಬಾಳದ ಕಟ್ಟಳೆಯನ್ನು ಸಂಪ್ರದಾಯವೆಂದು ನಂಬಿಸಲು ಬರುವವರು, ಮೊದಲು ಹಿರಿಯರು ಏನು ಬರೆದಿದ್ದರೆಂದು ಓದಿಕೊಂಡು ಬರಲಿ.